ಮೊಟಕು ವರ್ಷ

ಐವತ್ತು ವರ್ಷ ಆಳಿದ ಅರಸನಿಗೆ, ನೂರು ವರ್ಷ ಆಳಿದೆನೆಂದು ಹೇಳಿಸಿಕೊಳ್ಳುವ ಹುಚ್ಚು ಹಿಡಿಯಿತು. ಪಂಚಾಂಗ ಬರೆಯುವ ಜೋಯಿಸರನ್ನು ಕರೆಸಿದ.

"ಹೊಸ ಪಂಚಾಂಗ ಮಾಡಿ. ಆರು ತಿಂಗಳಿಗೇ ಒಂದು ವರ್ಷ ತುಂಬಬೇಕು."

"ಆಗಲಿ ಪ್ರಭು. ಸೆರೆಮನೆಯ ಶಿಕ್ಷೆಗಳೂ ಇದೇ ಲೆಕ್ಕಕ್ಕೆ ಬರ್ತವೆ ತಾನೆ?"

"ಎಲ್ಲವೂ ಬರುತ್ತೆ. ನನ್ನ ರಾಜ್ಯದಲ್ಲಿ ಎರಡು ಲೆಕ್ಕ ಇರಕೂಡದು."

ಜೋಯಿಸರಿಗೆ ಹೋದ ಜೀವ ಬಂದಂತಾಯಿತು. ಅರಸನ ಪ್ರತಿಮೆಗೆ ಕಲ್ಲೆಸೆದ ತಪ್ಪಿಗೆ ಅವರ ಒಬ್ಬಳೇ ಮಗಳಿಗೆ ಹತ್ತು ವರ್ಷ ಸೆರೆಯಾಗಿತ್ತು. ಹದಿನೆಂಟು ತುಂಬದವರನ್ನು ನೇಣಿಗೆ ಹಾಕುವಂತಿಲ್ಲ ಎಂಬ ಕಟ್ಟಳೆ ಇದ್ದದ್ದರಿಂದ ಹದಿನೈದರ ಹುಡುಗಿ ಉಳಿದುಕೊಂಡಿದ್ದಳು.

ಮನೆಗೆ ಬಂದವರೇ ಹೆಂಡತಿಯ ಕಿವಿಯಲ್ಲಿ ಹೇಳಿದರು. "ಹತ್ತು ವರ್ಷ ಅನ್ನೋದು ಐದಕ್ಕೇ ಮುಗಿಯುತ್ತೆ ಕಣೇ. ಎಲ್ಲೂ ಬಾಯಿ ಬಿಡಬೇಡ."

ಶುಕ್ಲಪಕ್ಷಕ್ಕೊಂದು ತಿಂಗಳು, ಕೃಷ್ಣಪಕ್ಷಕ್ಕೊಂದು ತಿಂಗಳು ಮಾಡಿ, ಇಪ್ಪತ್ತು ದಿನ ಕೂತು ಹೊಸ ಪಂಚಾಂಗ ಬರೆದು ಮುಗಿಸಿದರು. ಅರಸರ ಆಳ್ವಿಕೆಗೆ ನೂರು ತುಂಬಿತೆಂದು ಅರಮನೆಯವರು ಊರೆಲ್ಲ ಡಂಗುರ ಹೊಡೆಸಿದರು. ಹೆಂಡತಿ ಅವತ್ತೇ ಮಗಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು.

ಮಧ್ಯಾಹ್ನ ಸೆರೆಮನೆಯ ಅಧಿಕಾರಿ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಬಿಡುಗಡೆಯ ದಿನ ಗೊತ್ತು ಮಾಡೋಕೆ ಬಂದ್ರಾ?" ಜೋಯಿಸರೇ ಕೇಳಿದರು.

"ಹೊಸ ಲೆಕ್ಕದಲ್ಲಿ ನಿಮ್ಮ ಮಗಳಿಗೆ ಮೂವತ್ತಾಯ್ತು ಜೋಯಿಸರೇ. ನೇಣಿಗೆ ನೀವೇ ಒಂದು ಗಳಿಗೆ ಇಟ್ಟುಕೊಡಬೇಕಂತೆ."