ಹೇಮಲತಾಳ ಎಡಗಾಲು

"ಹದಿಮೂರು," ಎಂದಳು ಗಿರಿಜಾ, ಅಕ್ಕನ ಮೀನಖಂಡಕ್ಕೆ ಸುತ್ತಿದ್ದ ಅಳತೆ ಟೇಪು ಬಿಚ್ಚುತ್ತ. "ಈಗ ಬ್ಯಾಂಡೇಜು ಬಿಗಿದರೆ ಸಂಜೆವರೆಗೂ ಊದಲ್ಲ. ಸೀರೆ ಮಾತ್ರ ಇಳಿಬಿಟ್ಟೇ ಉಟ್ಟುಕೋ."

ಗಂಡಿನ ಕಡೆಯವರು ಇನ್ನರ್ಧ ಗಂಟೆಯಲ್ಲಿ ಬರುವವರಿದ್ದರು. ಹೇಮಲತಾಳಿಗೆ ಆನೆಕಾಲು ರೋಗವಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಈ ಮನೆಯವರು ಒಂದೇ ಸುಳ್ಳಿಗೆ ಬೆವರುತ್ತಿದ್ದರು.

ತಂದೆ ಚಂದ್ರಶೇಖರಯ್ಯ ವಿಮಾ ಕಚೇರಿಯವರು. ಮೈಸೂರಿನಿಂದ ಸೂರತ್ತಿಗೆ ವರ್ಗವಾಗಿ ಬಂದು ಆರು ವರ್ಷ. ಬಂದ ಮರುವರ್ಷವೇ ದೊಡ್ಡ ಮಗಳಿಗೆ ಚಳಿಜ್ವರ ಹಿಡಿಯಿತು, ಆಮೇಲೆ ಎಡಗಾಲು ಊದಿತು. ಸೂರತ್ತಿನ ಸೊಳ್ಳೆಗಳಿಗೆ ತಮ್ಮವರು ಪರರು ಎಂಬ ಭೇದವಿರಲಿಲ್ಲ. ಮಾತ್ರೆಗೆ ರೋಗದ ಹುಳು ಸತ್ತಿತು, ಬಾವು ಉಳಿಯಿತು. ಬಂದ ಎರಡು ಸಂಬಂಧಗಳೂ ಕಾಲು ನೋಡಿಯೇ ತಿರುಗಿಹೋದವು.

ಆಗ ಮಿಷನ್ ಆಸ್ಪತ್ರೆಯ ನರ್ಸ್ ಕಮಲಾಕ್ಷಿ ಗಿರಿಜಾಳಿಗೆ ನೀವುವುದನ್ನು ಕಲಿಸಿದಳು. ಮೊದಲು ತೊಡೆಯ ಸಂದಿ, ಆಮೇಲೆ ಮಂಡಿಯ ಹಿಂಭಾಗ, ಪಾದ ಕೊನೆಗೆ. "ಮೇಲಿನ ದಾರಿ ಬಿಡಿಸದೆ ಕೆಳಗಿನ ನೀರು ಎಲ್ಲಿಗೆ ಹೋಗ್ತದೆ ಮಾರಾಯ್ತಿ?" ಎನ್ನುತ್ತಿದ್ದಳು ಮಂಗಳೂರಿನ ಆ ನರ್ಸ್. ಒತ್ತಬಾರದು, ತಿಕ್ಕಬಾರದು. ಚರ್ಮ ಜರುಗಿದರೆ ಸಾಕು. ನೀವಿದ ಗಂಟೆಯೊಳಗೆ ಹೇಮಲತಾ ಎರಡು ಸಲ ಬಚ್ಚಲಿಗೆ ಹೋಗುತ್ತಿದ್ದಳು, ಕಾಲು ಹಗುರವಾಯಿತೆನ್ನುತ್ತಿದ್ದಳು. ಒಂದು ದಿನ ಬಿಟ್ಟರೆ ಮತ್ತೆ ಹಳೇ ಕಥೆ.

ಆದ್ದರಿಂದ ಗಿರಿಜಾ ಒಂದು ದಿನವೂ ಬಿಡಲಿಲ್ಲ. ಬಿ.ಎಸ್ಸಿ. ಮುಗಿಸಿದ್ದಳು. ಜೂನ್‌ನಲ್ಲಿ ಬರೋಡಾದಲ್ಲಿ ಎಂ.ಎಸ್ಸಿ.ಗೆ ಸೀಟು ಕಾದಿತ್ತು. ತಂದೆ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: "ನೀನು ಬರೋಡಾಕ್ಕೆ ಹೋದ್ರೆ ಇವಳ ಕಾಲು ನೋಡೋರ್ಯಾರು? ಅಕ್ಕನ ಮದುವೆ ಆಗ್ಲಿ, ಮಾರನೇ ದಿನವೇ ನಿನ್ನ ರೈಲು ಹತ್ತಿಸ್ತೀನಿ." ಅಕ್ಕನ ಮೇಲೆ ಗಿರಿಜಾಳಿಗೆ ಪ್ರೀತಿಯಿತ್ತು, ನಿಜ. ಆದರೆ ಆ ಕಾಲನ್ನು ಕಂಡರೆ ಈಚೆಗೆ ಅಸಹ್ಯವಾಗುತ್ತಿತ್ತು. ಅದಕ್ಕಾಗಿ ತನ್ನ ಮೇಲೆಯೇ ಅಸಹ್ಯಪಟ್ಟುಕೊಳ್ಳುತ್ತಿದ್ದಳು.

ಟಾಂಗಾ ಬಾಗಿಲಿಗೇ ಬಂದು ನಿಂತಿತು. ಗಂಡು ದಿವಾಕರ ಅಹಮದಾಬಾದಿನ ಸಂಶೋಧನಾಲಯದಲ್ಲಿ ವಿಜ್ಞಾನಿ. ಕೈತುಂಬ ಸಂಬಳ, ನೋಡಲು ಲಕ್ಷಣ. ಮೂವತ್ತೆರಡಾದರೂ ಮದುವೆಯಾಗಿರಲಿಲ್ಲ. ತಾಯಿ ಪದ್ಮಾವತಿಯವರ ಕೈಹಿಡಿದು ಮೆಲ್ಲಗೆ ಇಳಿಸಿಕೊಂಡ. ಎಂಥ ಮಾತೃಭಕ್ತಿ ಎಂದು ಚಂದ್ರಶೇಖರಯ್ಯನವರ ಹೆಂಡತಿ ಸಾವಿತ್ರಮ್ಮ ಕಿಟಕಿಯಲ್ಲೇ ಕರಗಿದರು. ಏಪ್ರಿಲ್ಲಿನ ಆ ಸೆಕೆಯಲ್ಲೂ ಪದ್ಮಾವತಿಯವರು ಕುರ್ಚಿಯಲ್ಲಿ ಕೂತು ಮಂಡಿಯಿಂದ ಕೆಳಗೆ ಶಾಲು ಹೊದ್ದರು. ವಾತದ ದೇಹ, ಪಾಪ.

ಬೀಗಿತ್ತಿಯಾಗುವವರು ಕಷ್ಟ ಕೊಡುವವರಲ್ಲ. ವರದಕ್ಷಿಣೆ ಬೇಡ, ಹುಡುಗಿ ತಾಳ್ಮೆಯವಳಾಗಿದ್ದರೆ ಸಾಕೆಂದು ಕಾಗದದಲ್ಲೇ ಬರೆದಿದ್ದರು. ಹೇಮಲತಾ ಕಾಲಿಗೆ ಬೀಳಲು ಬಂದಾಗಲೂ ತಡೆದರು. "ಬೇಡಮ್ಮ, ದೂರದಿಂದಲೇ ಸಾಕು." ಬಗ್ಗುವ ಕಷ್ಟ ತಪ್ಪಿತೆಂದು ಮನೆಯವರೆಲ್ಲ ಉಸಿರು ಬಿಟ್ಟರು.

ಉಪ್ಪಿಟ್ಟು ಮುಗಿದ ಮೇಲೆ ಪದ್ಮಾವತಿಯವರು ಕೈತೊಳೆಯಬೇಕೆಂದರು. ಗಿರಿಜಾ ತೋಳು ಕೊಟ್ಟು ಒಳಗೆ ಕರೆದೊಯ್ದಳು. ಬಚ್ಚಲ ಬಾಗಿಲಲ್ಲಿ ಅವರು ನಿಂತರು.

"ನಿಮ್ಮಕ್ಕನ ಎಡಗಾಲು ಯಾವಾಗಿನಿಂದ ಹೀಗೆ?"

ಗಿರಿಜಾ ಬಚ್ಚಲ ಬಾಗಿಲು ತಳ್ಳಿ ನೀರಿನ ತಂಬಿಗೆಗೆ ಕೈಚಾಚಿದಳು.

"ಸುಳ್ಳು ಬೇಡ. ಹೆಜ್ಜೆ ಇಡೋದು ನೋಡಿದ್ರೆ ನನಗೆ ಗೊತ್ತಾಗುತ್ತೆ."

ಎಲ್ಲ ಮುಗಿಯಿತು. ಅಕ್ಕನ ಮದುವೆ ಹೋಯಿತು, ಬರೋಡಾ ಹೋಯಿತು. ಉಳಿದದ್ದು ನಿಜವೊಂದೇ. ಅದನ್ನೇ ಗಿರಿಜಾ ಗಟ್ಟಿಯಾಗಿ ಹಿಡಿದಳು.

"ಐದು ವರ್ಷ ಆಯ್ತಮ್ಮ. ಹದಿನೈದಿಂಚು ಇತ್ತು, ಮೂರು ತಿಂಗಳಲ್ಲಿ ಹದಿಮೂರಕ್ಕೆ ತಂದಿದೀನಿ. ದಿನಾ ಮುಕ್ಕಾಲು ಗಂಟೆ ನೀವಿದ್ರೆ ಸಾಕು, ಏನೂ ತೊಂದರೆ ಇರಲ್ಲ."

"ನೀನೇ? ಯಾವ ಕಡೆಯಿಂದ ಶುರು ಮಾಡ್ತೀಯ?"

"ಮೇಲಿಂದ. ಮೊದಲು ದಾರಿ ಬಿಡಿಸ್ಬೇಕು."

ಪದ್ಮಾವತಿಯವರು ಅವಳ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. "ಬೇಜಾರಾಗಲ್ವೇ?"

"ಇಲ್ಲಮ್ಮ," ಎಂದಳು ಗಿರಿಜಾ. ಆ ದಿನ ಅವಳು ಹೇಳಿದ ಸುಳ್ಳು ಅದೊಂದೇ. "ಒಂದು ದಿನವೂ ತಪ್ಪಿಸಿಲ್ಲ. ನಮ್ಮಕ್ಕನ್ನ ದಯವಿಟ್ಟು ಬೇಡ ಅನ್ಬೇಡಿ."

"ನಿಮ್ಮನೆ ವಿಷಯ ನಾನು ಯಾರ ಹತ್ರಾನೂ ಆಡಲ್ಲ," ಎಂದರು ಅವರು ತಣ್ಣಗೆ.

ಹಜಾರಕ್ಕೆ ಬಂದು ಕೂತು, ಶಾಲು ಸರಿಮಾಡಿಕೊಂಡು ಹೇಳಿದರು: "ನಮಗೆ ಒಪ್ಪಿಗೆ."

ಸಾವಿತ್ರಮ್ಮನಿಗೆ ಕಣ್ಣು ತುಂಬಿತು. ಹೇಮಲತಾ ತಲೆಯೆತ್ತಿ ಮೊದಲ ಸಲ ದಿವಾಕರನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಗಿರಿಜಾ ಬಾಗಿಲಿಗೆ ಒರಗಿ ನಿಂತು ಬರೋಡಾದ ಹಾಸ್ಟೆಲಿಗೆ ಬರೆಯಬೇಕಾದ ಕಾಗದದ ಮೊದಲ ಸಾಲನ್ನು ಆಗಲೇ ಮನಸ್ಸಿನಲ್ಲಿ ಹೊಂದಿಸುತ್ತಿದ್ದಳು.

ಕುಂಕುಮದ ತಟ್ಟೆ ಬಂತು. ಪದ್ಮಾವತಿಯವರು ಕೈ ಬೀಸಿ ಗಿರಿಜಾಳನ್ನು ಹತ್ತಿರ ಕರೆದರು. ತಟ್ಟೆ ಹಿಡಿಯಲೆಂದು ಅವಳು ಬಾಗಿದಾಗ ಅವಳ ಹಣೆಗೇ ಕುಂಕುಮವಿಟ್ಟರು.

ಗಿರಿಜಾ ತಂದೆಯ ಕಡೆ ನೋಡಿದಳು. ಅವರು ದೊಡ್ಡ ಮಗಳ ಸೀರೆಯ ಅಂಚನ್ನು ನೋಡಿದರು, ಬೀಗಿತ್ತಿಯ ಮುಚ್ಚಿದ ಬಾಯನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮದುವೆ ಆದ್ಮೇಲೂ ಓದಬಹುದಲ್ಲಮ್ಮ," ಎಂದರು.

ಪದ್ಮಾವತಿಯವರು ಶಾಲು ತೆಗೆದು ಪಕ್ಕಕ್ಕಿಟ್ಟರು. ಹೇಮಲತಾಳ ಕಾಲಿನ ಎರಡರಷ್ಟು ಊದಿದ್ದ ತಮ್ಮ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಗಿರಿಜಾಳ ಕಡೆ ಚಾಚಿ ಹೇಳಿದರು: "ರೈಲಿಗಿನ್ನೂ ಎರಡು ಗಂಟೆ ಇದೆ. ಕೂತ್ಕೋಮ್ಮ."