ಡ್ರಮ್ಮು ಹಗುರವಾದದ್ದಕ್ಕೆ

ಕೌನ್ಸಿಲರ್ ಅನ್ಸೆಲ್ಮೊ ಎಂಜಲು ತುಂಬುವ ಹಸಿರು ಡ್ರಮ್ಮನ್ನು ಒಂದೇ ಕೈಯಲ್ಲಿ ಎತ್ತಿದ. ಅವನ ಹುಬ್ಬು ಗಂಟಿಕ್ಕಿತು.

"ಹಗುರ ಇದೆ, ಆಲಿಂಗ್ ಲುದಿ. ಉಳಿದದ್ದು ಎಲ್ಲಿಗೆ ಹೋಯ್ತು?"

"ಜನರ ಹೊಟ್ಟೆಗೆ ಹೋಯ್ತು," ಎಂದಳು ಲುದಿವಿನಾ. ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ. "ಈಗ ಮೊದಲಿಗೆ ಅರ್ಧ ಬಟ್ಟಲು ಅನ್ನ ಬಡಿಸ್ತೀನಿ. ಬೇಕಾದವರು ಮತ್ತೆ ಕೇಳ್ತಾರೆ. ತಟ್ಟೆಯಲ್ಲಿ ಬಿಡೋದು ಕಡಿಮೆಯಾಗಿದೆ. ಪೋಲು ಮಾಡಬೇಡಿ ಅಂತ ನೀವೇ ತಾನೇ ಹೇಳಿದ್ದು?"

ಅನ್ಸೆಲ್ಮೊ ನಂಬಲಿಲ್ಲ. ಅವನ ಕಣ್ಣು ಮೂಲೆಯ ಬೆಂಚಿಗೆ ಹೋಯಿತು. ಅಲ್ಲಿ ಹಂದಿ ಸಾಕುವ ಮುದುಕ, ಊರಿಗೆಲ್ಲ ಮಾಂಗ್ ಅಂದರೆ ಅಣ್ಣನಾದ ತೆರ್ಯೊ, ಕಾಫಿ ಕುಡಿಯುತ್ತಿದ್ದ.

"ಇಲ್ಲಿಂದ ಒಂದು ಅಗುಳು ಹಂದಿ ಬಾಯಿಗೆ ಹೋದದ್ದು ಗೊತ್ತಾದರೂ ಸಾಕು, ಜನವರಿಯಲ್ಲಿ ನಿಮ್ಮ ಲೈಸೆನ್ಸು ನವೀಕರಣ ಆಗೋದಿಲ್ಲ. ಮುಂದಿನ ವಾರ ಈ ಡ್ರಮ್ಮು ಹೀಗೆ ಹಗುರ ಇರಬಾರದು."

ಬಟಾಂಗಾಸ್ ಕಡೆಗೆ ಜನ ತುಂಬಿಕೊಂಡು ಹೋಗುವ ಜೀಪ್ನಿ ಗಾಡಿಗಳು ನಿಲ್ಲುವ ಆ ಮೂಲೆಯಲ್ಲಿ ಲುದಿವಿನಾ ಊಟದಂಗಡಿ ಇಟ್ಟು ಬಹಳ ವರ್ಷವಾಗಿತ್ತು. ಊರಿನವರಿಗೆ ಅವಳು ಆಲಿಂಗ್ ಲುದಿ, ಅಂದರೆ ಲುದಿ ಅಕ್ಕ. ಗಂಡ ಸತ್ತ ಮೇಲೆ ಅವಳಿಗೆ ಇದ್ದದ್ದು ಅದೊಂದೇ. ಲೈಸೆನ್ಸು ಹೋದರೆ ಒಲೆ ಆರಿದಂತೆ.

ಮೊದಲು ಹೀಗಿರಲಿಲ್ಲ. ಬೀದಿಯ ಮುಸುರೆಯನ್ನೆಲ್ಲ ತೆರ್ಯೊ ತನ್ನ ಕೈಗಾಡಿಯಲ್ಲಿ ಒಯ್ಯುತ್ತಿದ್ದ. ಕ್ರಿಸ್‌ಮಸ್‌ಗೆ ಹಂದಿ ಕೊಯ್ದಾಗ ಮುಸುರೆ ಕೊಟ್ಟ ಪ್ರತಿ ಮನೆಗೂ ಬಾಳೆಲೆಯಲ್ಲಿ ಕಟ್ಟಿದ ಮಾಂಸದ ಪಾಲು ಬರುತ್ತಿತ್ತು. ಹೆಚ್ಚು ಕೊಟ್ಟವರಿಗೆ ದೊಡ್ಡ ತುಂಡು. ಈ ಪಾಲನ್ನು ಯಾವ ಹಂದಿ ಸಾಕುವವನೂ ತಪ್ಪಿಸುವುದಿಲ್ಲ. ತಪ್ಪಿಸಿದರೆ ಮುಂದಿನ ವರ್ಷ ದೊಡ್ಡಿಯಲ್ಲಿ ಒಂದು ಮರಿಯೂ ಉಳಿಯುವುದಿಲ್ಲ ಎಂಬ ಭಯ.

ಈಸ್ಟರ್ ಕಳೆದ ಮೇಲೆ ಪುರಸಭೆ ಹೊಸ ನಿಯಮ ತಂದಿತು. ಮುಸುರೆಯಿಂದ ಹಂದಿಗಳಿಗೆ ರೋಗ ಹರಡುತ್ತದೆ, ಆದ್ದರಿಂದ ಇನ್ನು ಮುಂದೆ ಎಲ್ಲವೂ ಹಸಿರು ಡ್ರಮ್ಮಿಗೆ. ಪುರಸಭೆಯ ಟ್ರಕ್ಕು ಬಂದು ಗೊಬ್ಬರದ ಅಂಗಳಕ್ಕೆ ಒಯ್ಯುತ್ತದೆ. ಊರಿನಲ್ಲಿ ಅನ್ನ ಪೋಲಾಗುವುದು ಅರ್ಧಕ್ಕೆ ಇಳಿಯುತ್ತದೆ, ವರ್ಷದ ಕೊನೆಗೆ ಮನೆಗೊಂದು ಗೊಬ್ಬರದ ಚೀಲ. ನಿಯಮ ತಂದವನು ಅನ್ಸೆಲ್ಮೊ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಲುದಿವಿನಾ ಕೂಡ. ಅವನ ಹೆಂಡತಿ ಕೋರಿಂಗ್ ಎಲ್ಲರಿಗೂ ಶರಬತ್ತು ಹಂಚಿದಳು. ಹಂದಿ ಸಾಕುವವರ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ತಲೆಯ ಮೇಲೆ ಮುಸುರೆ ಹೊತ್ತ ಹೆಂಗಸು. ದೊಡ್ಡ ಮನೆ ಸೇರಿದರೂ ಹಳೆಯದನ್ನು ಮರೆತವಳಲ್ಲ.

ಆಮೇಲೆ ಶುರುವಾಯಿತು ಕಾಟ. ಡ್ರಮ್ಮಿಗೆ ಹಲ್ಲುಕಡ್ಡಿ ಹಾಕಬೇಡಿ. ಮೀನಿನ ಮುಳ್ಳು ಬೇಡ. ಸೋಪಿನ ನೀರು ಬೇಡವೇ ಬೇಡ. ಹಳಸಿದ್ದು ಬೇಡ, ಅಂದಂದಿನದು ಅಂದಂದೇ ಬೇಕು. ಎಲ್ಲೋ ಕೊಳೆಯಲು ಹೋಗುವ ಎಂಜಲಿನಿಂದ ಲುದಿವಿನಾ ಕೂತು ಹಲ್ಲುಕಡ್ಡಿ ಆರಿಸಬೇಕಾಯಿತು. ಸರ್ಕಾರದವರ ಮಡಿ ಎಂದು ಬೈದುಕೊಂಡೇ ಆರಿಸಿದಳು.

ಅವಳ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಅಂಗಡಿ ಮುಚ್ಚುವಾಗ ಮಿಕ್ಕ ಪಲ್ಯ, ಸಾರು, ಮಾಂಸವನ್ನು ಅವಳು ಸ್ಟ್ಯಾಂಡಿನಲ್ಲಿ ತ್ರಿಚಕ್ರ ಗಾಡಿ ಓಡಿಸುವವರಿಗೆ ಹಂಚುತ್ತಿದ್ದಳು. ಅದೂ ನಿಂತಿತು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೊಣೆ ಯಾರು, ಅದನ್ನೂ ಡ್ರಮ್ಮಿಗೇ ಹಾಕಿ ಎಂದರು. ಲುದಿವಿನಾ ಪುರಸಭೆಗೆ ಹೋಗಿ ಮೇಜು ಗುದ್ದಿದಳು. ಕೆಡುವ ಮೊದಲೇ ಶಾಲೆಯ ಮಕ್ಕಳಿಗೆ ಕಳಿಸಿ, ಮೊದಲು ಮನುಷ್ಯರು ತಿನ್ನಲಿ, ಅದನ್ನೇ ನಿಯಮದಲ್ಲಿ ಬರೆಯಿರಿ ಎಂದಳು. ಅನ್ಸೆಲ್ಮೊ ನಗುತ್ತಲೇ ಅವಳನ್ನು ಬಾಗಿಲವರೆಗೆ ಬಿಟ್ಟು ಬಂದ.

ಈಗ ಡ್ರಮ್ಮು ಹಗುರ ಎಂಬ ಅಪರಾಧ.

ಅನ್ಸೆಲ್ಮೊ ಹೋದ ಮೇಲೆ ಅವಳ ಸಿಟ್ಟೆಲ್ಲ ತೆರ್ಯೊನ ಮೇಲೆ ತಿರುಗಿತು.

"ನಿಜ ಹೇಳು, ಮಾಂಗ್ ತೆರ್ಯೊ. ನನ್ನ ಬೆನ್ನ ಹಿಂದೆ ಡ್ರಮ್ಮಿಗೆ ಕೈ ಹಾಕ್ತಿದ್ದೀಯಾ?"

"ನನ್ನ ಹಂದಿ ನೋಡಿದ್ದೀಯಲ್ಲ," ಎಂದ ಮುದುಕ. "ಪಕ್ಕೆಲುಬು ಎಣಿಸಬಹುದು. ಕದ್ದು ತಿಂದ ಮೈಯಾ ಅದು?"

"ಹಾಗಾದ್ರೆ ಇಲ್ಲಿ ಕೂರಬೇಡ. ನಿನ್ನ ಕಾಫಿಗೋಸ್ಕರ ನನ್ನ ಅಂಗಡಿ ಮುಚ್ಚಿಸಬೇಡ."

ಅವನು ಲೋಟ ಬೋರಲು ಹಾಕಿ ಎದ್ದುಹೋದ.

ಮರುದಿನದಿಂದ ಲುದಿವಿನಾ ಒಂದು ಪಾತ್ರೆ ಅನ್ನ ಹೆಚ್ಚಿಗೆ ಬೇಯಿಸಿದಳು. ಯಾರಿಗೂ ಬಡಿಸಲಿಲ್ಲ. ಹಬೆಯಾಡುವ ಅನ್ನವನ್ನು ನೇರವಾಗಿ ಡ್ರಮ್ಮಿಗೆ ಸುರಿದಳು. ಅನ್ನವನ್ನು ಚೆಲ್ಲಿದ ಕೈಗೆ ಅವ್ವ ಬರೆ ಹಾಕಿದ್ದ ಮನೆಯಲ್ಲಿ ಬೆಳೆದವಳು ಅವಳು.

ಮುಂದಿನ ವಾರ ಅನ್ಸೆಲ್ಮೊ ಎರಡು ಕೈ ಹಾಕಿ ಡ್ರಮ್ಮು ಎತ್ತಿದ. "ನೋಡಿ, ಮನಸ್ಸು ಮಾಡಿದರೆ ಆಗುತ್ತೆ," ಎಂದು ಅವಳ ಬೆನ್ನು ತಟ್ಟಿದ. ಸೌಟಿನಿಂದ ಅವನ ತಲೆಗೆ ಒಂದು ಬಿಡಬೇಕೆನ್ನಿಸಿತು. ಲೈಸೆನ್ಸು ನೆನಪಾಗಿ ಸುಮ್ಮನಾದಳು.

ಡಿಸೆಂಬರ್ ಬಂತು. ಗೊಬ್ಬರದ ಚೀಲ ಬರಲಿಲ್ಲ. ಮಳೆಗೆ ಗೊಬ್ಬರ ಹಣ್ಣಾಗಿಲ್ಲ ಎಂದರು. ತೆರ್ಯೊ ತನ್ನ ಕೊನೆಯ ಹಂದಿಯನ್ನೂ ದಲ್ಲಾಳಿಗೆ ಕೊಟ್ಟ.

ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ ಅವನು ಮತ್ತೆ ಅಂಗಡಿಗೆ ಬಂದು ಅದೇ ಬೆಂಚಿನ ಮೇಲೆ ಕೂತ. "ಈಗ ಕೂರಬಹುದಲ್ಲ? ದೊಡ್ಡಿ ಖಾಲಿ." ಲುದಿವಿನಾ ಕಾಫಿ ತಂದಿಟ್ಟಳು. ಬಹಳ ವರ್ಷಗಳಲ್ಲಿ ಮೊದಲ ಸಲ ಅವಳ ಮನೆಗೆ ಪಾಲು ಬರುವುದಿರಲಿಲ್ಲ.

ಆಗ ಪುರಸಭೆಯ ಹಸಿರು ಟ್ರಕ್ಕು ಬಂದು ನಿಂತಿತು. ಡ್ರೈವರ್ ಡ್ರಮ್ಮಿನ ಕಡೆ ನೋಡಲಿಲ್ಲ. ಸೀಟಿನ ಕೆಳಗಿಂದ ಬಾಳೆಲೆಯ ದೊಡ್ಡ ಕಟ್ಟೊಂದನ್ನು ತೆಗೆದು ಅವಳ ಮುಂದಿಟ್ಟ. ಕಟ್ಟಿನಿಂದ ರಕ್ತ ಜಿನುಗುತ್ತಿತ್ತು. ಲುದಿವಿನಾ ತೆರ್ಯೊನ ಮುಖ ನೋಡಿದಳು. ನನ್ನದಲ್ಲ ಎಂಬಂತೆ ಅವನು ತಲೆ ಅಲ್ಲಾಡಿಸಿದ.

"ಕೋರಿಂಗ್ ಅಮ್ಮ ಕಳಿಸಿದ್ದು, ಯಜಮಾನರಿಗೆ ಗೊತ್ತಾಗೋದು ಬೇಡ ಅಂದ್ರು," ಎಂದ ಡ್ರೈವರ್ ದನಿ ತಗ್ಗಿಸಿ. "ಡ್ರಮ್ಮು ಇಟ್ಟ ಎಲ್ಲರಿಗೂ ಒಂದೊಂದು ಪಾಲು. ನಿಮ್ಮದು ಭಾರದ ಡ್ರಮ್ಮು ಅಲ್ವಾ, ಅದಕ್ಕೆ ನಿಮಗೆ ತೊಡೆ."