ಮೂರು ಸಲ ಹೇಳಿದ್ದು

ಕತ್ರಿಗುಪ್ಪೆಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯ ಸೊಣ್ಣಮ್ಮ, ಕೈವಾರದ ಮೊನೆಯನ್ನು ಸಹಪಾಠಿ ವಸಂತಿಯ ಕುತ್ತಿಗೆಗೆ ಒತ್ತಿ ಹಿಡಿದಿದ್ದಳು. ಪಾರ್ವತಮ್ಮ ಟೀಚರ್ ಬಾಗಿಲಲ್ಲೇ ನಿಂತುಬಿಟ್ಟರು. ಗದರಿದರೆ ಮೊನೆ ಇಳಿದೇಬಿಡುತ್ತದೆ ಅನ್ನಿಸಿತು. ಬೆತ್ತ ಕೆಳಗಿಟ್ಟು, "ಏನಾಯ್ತವ್ವ? ನೀನೇ ಹೇಳು" ಎಂದರು.

"ನಮ್ಮ ಹೊಲ ಲೇಔಟ್ ಆಯ್ತು ಟೀಚರ್. ಅದ್ರಲ್ಲೇ ಇವಳ ಕಡೆಯೋರು ಮನೆ ಕಟ್ಟವ್ರೆ, ನಮ್ಮಪ್ಪ ಅಲ್ಲೇ ವಾಚ್‌ಮನ್. 'ವಾಚ್‌ಮನ್ ಮಗ್ಳೇ, ಬಾಗ್ಲು ತೆಗಿ' ಅಂತ ದಿನಾ ಆಡ್ಕೋತಾಳೆ. ನಿಮ್ಗೆ ಮೂರು ಸಲ ಹೇಳ್ದೆ. ಮೂರು ಸಲಾನೂ ನನ್ನೇ ಹೊರಗೆ ನಿಲ್ಸಿದ್ರಿ."

ಪಾರ್ವತಮ್ಮನವರಿಗೆ ಮೂರೂ ಸಲ ನೆನಪಿತ್ತು. "ತಪ್ಪು ನಂದು. ಇವತ್ತು ಪೂರ್ತಿ ಕೇಳ್ತೀನಿ" ಎಂದರು.

ಟೀಚರೊಬ್ಬರು ತಪ್ಪೊಪ್ಪಿಕೊಂಡಿದ್ದನ್ನು ಸೊಣ್ಣಮ್ಮ ಎಂದೂ ಕಂಡಿರಲಿಲ್ಲ. ಅವಳ ಕೈ ಸಡಿಲವಾಯಿತು. ವಸಂತಿ ಓಡಲಿಲ್ಲ. ಕುತ್ತಿಗೆ ಸವರಿಕೊಳ್ಳುತ್ತಾ, "ಅದು ನಿಮ್ಮ ಹೊಲ ಅಂತ ನಂಗೆ ಯಾರೂ ಹೇಳಿರ್ಲಿಲ್ಲ ಕಣೆ" ಎಂದಳು.